ಚೌಕಾಸಿ ಎಲ್ಲಿ ನಡೆಯಬೇಕು? ವೋಟಿನ ಪದ್ಧತಿಗಳನ್ನು ಹೋಲಿಸಿ ನೋಡುವವರಿಗೆ

2018ರ ಮೇ 15, ವಿಧಾನಸಭೆ ಮತ ಎಣಿಕೆಯ ದಿನ. ಸಂಜೆ ಹೊತ್ತಿಗೆ ನಮ್ಮ ಸೋದರಮಾವ ಟಿವಿ ಸದ್ದು ಕಮ್ಮಿ ಮಾಡಿ ಕೇಳಿದರು: "ಅಲ್ಲ ಕಣಯ್ಯಾ, ಜಾಸ್ತಿ ವೋಟು ಬಿದ್ದಿರೋದು ಒಬ್ಬರಿಗೆ. ಜಾಸ್ತಿ ಸೀಟು ಬಂದಿರೋದು ಇನ್ನೊಬ್ಬರಿಗೆ. ಮುಖ್ಯಮಂತ್ರಿ ಆಗೋಕೆ ಹೊರಟಿರೋರು ಮೂರನೆಯವರು. ಇದು ಯಾವ ಸೀಮೆ ಲೆಕ್ಕ?"

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಾಂಗ್ರೆಸ್ಸಿಗೆ ಶೇ 38ರಷ್ಟು ವೋಟು, ಸೀಟು 78. ಬಿಜೆಪಿಗೆ ಶೇ 36ರಷ್ಟು ವೋಟು, ಸೀಟು 104. ಶೇ 18ರಷ್ಟು ವೋಟು, 37 ಸೀಟು ಪಡೆದ ಜೆಡಿಎಸ್‌ನ ಕುಮಾರಸ್ವಾಮಿ ಒಂದು ವಾರದಲ್ಲಿ ಮುಖ್ಯಮಂತ್ರಿ ಆದರು. ನಡುವೆ ಯಡಿಯೂರಪ್ಪ ಪ್ರಮಾಣವಚನ ತಗೊಂಡು, ಮೂರನೇ ದಿನ ರಾಜೀನಾಮೆ ಕೊಟ್ಟು ಹೋಗಿದ್ದರು.

ಇಂಥದ್ದು ನಡೆದಾಗಲೆಲ್ಲ ಮನೆ, ಆಫೀಸು, ಚಹಾ ಅಂಗಡಿಗಳಲ್ಲಿ ಒಂದೇ ಮಾತು: "ಈ ಸಂಸದೀಯ ಪದ್ಧತಿಯೇ ಸರಿ ಇಲ್ಲ." ನನಗೇನೋ ಹಾಗೆ ಸಾರಾಸಗಟಾಗಿ ಹೇಳೋದು ಸರಿ ಕಾಣೋದಿಲ್ಲ. ಗಾಡಿ ಸದ್ದು ಮಾಡಿದರೆ ಇಡೀ ಗಾಡಿಯನ್ನೇ ಗುಜರಿಗೆ ಹಾಕ್ತೀವಾ? ಯಾವ ಭಾಗ ಸವೆದಿದೆ ಅಂತ ನೋಡ್ತೀವಿ. ಸಂಸದೀಯ ಪದ್ಧತಿಯಲ್ಲೂ ಬಿಡಿಭಾಗಗಳಿವೆ. ವೋಟು ಎಣಿಸುವ ಕ್ರಮ ಒಂದು. ಸರ್ಕಾರ ಬೀಳಿಸುವ ನಿಯಮ ಇನ್ನೊಂದು. ಒಂದೊಂದು ದೇಶ ಒಂದೊಂದು ಭಾಗ ಹಾಕಿಕೊಂಡಿದೆ. ಅವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಎಲ್ಲಿ ಕೈಕೊಡುತ್ತದೆ ಅನ್ನೋದು ಗೊತ್ತಾಗುತ್ತದೆ.

ನೋಡೋಕೆ ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದೇ. ಶೇ 50 ದಾಟಿದ ಜನ ಒಂದೇ ಪಕ್ಷಕ್ಕೆ ವೋಟು ಹಾಕೋದು ತೀರಾ ಅಪರೂಪ. ಹಾಗಾಗಿ ಯಾರೋ ಯಾರ ಜೊತೆಗೋ ಚೌಕಾಸಿ ಮಾಡಲೇಬೇಕು. ಯಾವ ಪದ್ಧತಿ ತಂದರೂ ಚೌಕಾಸಿ ತಪ್ಪಿದ್ದಲ್ಲ. ಅದು ಎಲ್ಲಿ ನಡೆಯುತ್ತದೆ, ವೋಟು ಹಾಕಿದವರ ಕಣ್ಣಿಗೆ ಬೀಳುತ್ತದಾ ಇಲ್ಲವಾ, ಅಷ್ಟೇ ವ್ಯತ್ಯಾಸ.

ಜಾಸ್ತಿ ವೋಟು ಬಿದ್ದವನೇ ಗೆದ್ದ: ಬ್ರಿಟನ್ ಮತ್ತು ನಾವು

ನಮಗೆಲ್ಲ ಗೊತ್ತಿರುವ ಪದ್ಧತಿ ಇದು. ಕ್ಷೇತ್ರಕ್ಕೆ ಒಂದು ಸೀಟು. ಉಳಿದವರಿಗಿಂತ ಒಂದು ವೋಟು ಜಾಸ್ತಿ ಬಿದ್ದರೂ ಸಾಕು. ಇದೇನೂ ಬಾಯಿಮಾತಿಗೆ ಹೇಳಿದ್ದಲ್ಲ. 2004ರಲ್ಲಿ ಚಾಮರಾಜನಗರದ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ವೋಟು ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ವೋಟಿನಲ್ಲಿ ಒಬ್ಬರು ವಿಧಾನಸೌಧಕ್ಕೆ, ಇನ್ನೊಬ್ಬರು ಮನೆಗೆ.

ಇದರ ದೊಡ್ಡ ಗುಣ ಸರಳತೆ. ಗುಂಡಿ ಒತ್ತಿದರೆ ಆಯ್ತು. ಎಣಿಕೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ನಮ್ಮ ಶಾಸಕ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಚರಂಡಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು ಅನ್ನೋದೂ ಗೊತ್ತಿರುತ್ತದೆ. ಇದನ್ನು ಹಗುರವಾಗಿ ತಗೋಬೇಡಿ.

ಆದರೆ ಇಡೀ ದೇಶದ ಲೆಕ್ಕಕ್ಕೆ ಬಂದಾಗ ಎಡವಟ್ಟಾಗುತ್ತದೆ. ಬ್ರಿಟನ್ನಿನಲ್ಲಿ 2024ರ ಜುಲೈಯಲ್ಲಿ ಲೇಬರ್ ಪಕ್ಷ ಶೇ 33.7 ವೋಟಿಗೆ 650ರಲ್ಲಿ 411 ಸೀಟು ಬಾಚಿಕೊಂಡಿತು. ರಿಫಾರ್ಮ್ ಪಕ್ಷಕ್ಕೆ ಶೇ 14.3 ವೋಟು ಬಿತ್ತು, ಸಿಕ್ಕಿದ್ದು 5 ಸೀಟು. ಅದಕ್ಕಿಂತ ಕಮ್ಮಿ, ಅಂದರೆ ಶೇ 12.2 ವೋಟು ಪಡೆದ ಲಿಬರಲ್ ಡೆಮಾಕ್ರಾಟರಿಗೆ 72 ಸೀಟು! ವೋಟು ಅಲ್ಲಲ್ಲಿ ರಾಶಿ ಬಿದ್ದರೆ ಸೀಟು. ಊರ ತುಂಬ ತೆಳ್ಳಗೆ ಹರಡಿದರೆ ಕೈಗೆ ಚೊಂಬು. ನಮ್ಮಲ್ಲಿ 2014ರ ಲೋಕಸಭೆಯಲ್ಲಿ ಬಿಎಸ್‌ಪಿಗೆ ಇದೇ ಆಯಿತು. ಎರಡು ಕೋಟಿಗೂ ಜಾಸ್ತಿ ವೋಟು ಬಿದ್ದಿತ್ತು. ವೋಟಿನ ಲೆಕ್ಕದಲ್ಲಿ ದೇಶಕ್ಕೇ ಮೂರನೇ ಪಕ್ಷ. ಸೀಟು ಸೊನ್ನೆ. ಅದೇ ಚುನಾವಣೆಯಲ್ಲಿ ಬಿಜೆಪಿ ಶೇ 31 ವೋಟಿಗೆ 282 ಸೀಟು ಪಡೆದು ಒಂಟಿಯಾಗಿ ಬಹುಮತ ತಗೊಂಡಿತು.

ಇಲ್ಲಿ ಚೌಕಾಸಿ ಎಲ್ಲಿ ನಡೆಯುತ್ತದೆ? ಪಕ್ಷದ ಒಳಗೆ, ಬಾಗಿಲು ಮುಚ್ಚಿಕೊಂಡು. ಬ್ರಿಟನ್ 2022ರಲ್ಲಿ ಒಂದೇ ವರ್ಷದಲ್ಲಿ ಮೂವರು ಪ್ರಧಾನಿಗಳನ್ನು ಕಂಡಿತು: ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಕ್. ಒಂದು ಸಲವೂ ಸಾರ್ವತ್ರಿಕ ಚುನಾವಣೆ ನಡೆಯಲಿಲ್ಲ. ಟ್ರಸ್ ಅವರನ್ನು ಆರಿಸಿದ್ದು ಪಕ್ಷದ ಸುಮಾರು 1.4 ಲಕ್ಷ ಸದಸ್ಯರ ವೋಟು. ಅವರು ಕುರ್ಚಿಯಲ್ಲಿದ್ದದ್ದು 49 ದಿನ. "ಈ ಪದ್ಧತಿಯಲ್ಲಿ ಸ್ಥಿರ ಸರ್ಕಾರ ಬರುತ್ತದೆ" ಅನ್ನುವವರಿಗೆ ನಾನು ಈ 49 ದಿನದ ಲೆಕ್ಕ ಹೇಳ್ತೀನಿ.

ನೇರಳೆ ಪೆನ್ನಿನ ದಾರಿ

ಎರಡನೇ ಪದ್ಧತಿಯನ್ನು ಪರದೇಶದ್ದು ಅಂತ ತಿಳಿಯಬೇಡಿ. ನೀವು ಪದವೀಧರರಾಗಿದ್ದು, ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ವೋಟು ಹಾಕಿದ್ದರೆ ಆಗಲೇ ಇದನ್ನು ಬಳಸಿದ್ದೀರಿ.

ಅಲ್ಲಿ ಯಂತ್ರ ಇಲ್ಲ, ಮತಪತ್ರ. ಮತಗಟ್ಟೆಯವರೇ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡ್ತಾರೆ. ನಿಮ್ಮ ಜೇಬಿನ ಪೆನ್ನು ಬಳಸಿದರೆ ವೋಟು ಹಾಳು. ಹೆಸರಿನ ಎದುರಿಗೆ 1, 2, 3 ಅಂತ ಬರೆಯಬೇಕು. ಟಿಕ್ ಹಾಕಿದರೂ ಹಾಳು, ಸಹಿ ಮಾಡಿದರೂ ಹಾಳು. ನಾನು ಹೋದಾಗ ನನ್ನ ಹಿಂದೆ ನಿಂತಿದ್ದವರು ಕಾಲೇಜಿನಲ್ಲಿ ಪಾಠ ಹೇಳುವವರು. "ರೈಟ್ ಮಾರ್ಕ್ ಹಾಕಿದರೆ ಸಾಕಲ್ವಾ?" ಅಂತ ಕೇಳಿದರು. ಬೇಡ ಸಾರ್, ಅಂಕಿ ಬರೀಬೇಕು ಅಂದೆ. ಪ್ರತಿ ಸಲವೂ ಪತ್ರಿಕೆಯಲ್ಲಿ "ಕುಲಗೆಟ್ಟ ಮತಗಳು ಇಷ್ಟು" ಅಂತ ಸುದ್ದಿ ಬರುತ್ತದಲ್ಲ, ಪದವಿ ಓದಿದವರದೇ ವೋಟು ಅದು. ನಗಬೇಕೋ ಅಳಬೇಕೋ.

ಎಣಿಸುವ ಕ್ರಮ ಹೀಗೆ. ಮೊದಲು ಎಲ್ಲರ 1ನೇ ಪ್ರಾಶಸ್ತ್ಯದ ವೋಟು ಎಣಿಸುತ್ತಾರೆ. ಯಾರಿಗಾದರೂ ಅರ್ಧಕ್ಕಿಂತ ಜಾಸ್ತಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರಿಗಿದೆಯೋ ಅವರಿಗೆ ಹಂಚುತ್ತಾರೆ. ಹೀಗೆ ಒಬ್ಬೊಬ್ಬರನ್ನೇ ಕೈಬಿಡುತ್ತಾ ಹೋಗುತ್ತಾರೆ. ಅದಕ್ಕೇ ಎಣಿಕೆ ರಾತ್ರಿಯೆಲ್ಲ ಎಳೆಯುತ್ತದೆ.

ಆಸ್ಟ್ರೇಲಿಯಾದಲ್ಲಿ ಇಡೀ ದೇಶ ಕೆಳಮನೆಗೆ ಹೀಗೇ ವೋಟು ಹಾಕುತ್ತದೆ. ಶುರುವಾದ ಕತೆ ಚೆನ್ನಾಗಿದೆ. 1918ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸ್ವಾನ್ ಕ್ಷೇತ್ರದಲ್ಲಿ ಉಪಚುನಾವಣೆ ಆಯಿತು. ಲೇಬರ್ ಪಕ್ಷದ ವಿರೋಧಿಗಳು ಒಬ್ಬರ ಕಾಲು ಒಬ್ಬರು ಎಳೆದು ವೋಟು ಹಂಚಿಕೊಂಡರು. ಮೂರರಲ್ಲೊಂದು ಪಾಲು ವೋಟು ಪಡೆದ 22 ವರ್ಷದ ಲೇಬರ್ ಹುಡುಗ ಗೆದ್ದುಬಿಟ್ಟ. ಸರ್ಕಾರ ಅದೇ ವರ್ಷ ಅವಸರ ಅವಸರವಾಗಿ ಕಾನೂನು ಬದಲಿಸಿ ಪ್ರಾಶಸ್ತ್ಯದ ವೋಟು ತಂದಿತು. ನೀತಿಗಿಂತ ಭಯವೇ ಸುಧಾರಣೆ ತಂದಿದ್ದು, ಇರಲಿ.

ಅಲ್ಲಿ ಇನ್ನೊಂದು ವಿಶೇಷ ಇದೆ. 1924ರಲ್ಲಿ ವೋಟು ಹಾಕೋದನ್ನೇ ಕಡ್ಡಾಯ ಮಾಡಿದರು. 1922ರಲ್ಲಿ ಶೇ 59ರಷ್ಟಿದ್ದ ಮತದಾನ 1925ರಲ್ಲಿ ಶೇ 91ಕ್ಕೆ ಏರಿತು. ಈಗಲೂ ಶೇ 90ರ ಆಸುಪಾಸಿನಲ್ಲೇ ಇದೆ. ಹೋಗದಿದ್ದರೆ 20 ಡಾಲರ್ ದಂಡ. ಚುನಾವಣೆ ಶನಿವಾರ. ಮತಗಟ್ಟೆ ಹೊರಗೆ ಶಾಲೆಯವರು ಸಾಸೇಜ್ ಸುಟ್ಟು ಮಾರುತ್ತಾ ನಿಂತಿರುತ್ತಾರೆ, ನಮ್ಮ ಜಾತ್ರೆಯಲ್ಲಿ ಮಿರ್ಚಿ ಬಜ್ಜಿ ಇದ್ದ ಹಾಗೆ.

ಈ ಪದ್ಧತಿಯಲ್ಲಿ ಚೌಕಾಸಿ ಮತಪತ್ರದ ಮೇಲೇ ನಡೆಯುತ್ತದೆ, ಮಾಡುವವರು ನೀವು. "ಇವನಿಗೆ ವೋಟು ಹಾಕಬೇಕು ಅಂತಿದೆ, ಆದರೆ ಗೆಲ್ಲಲ್ಲ, ವೋಟು ದಂಡ" ಅನ್ನುವ ಚಿಂತೆ ಇಲ್ಲ. ಅವನಿಗೆ 1 ಕೊಟ್ಟು, ಗೆಲ್ಲುವ ತಾಕತ್ತಿದ್ದು ಸಹಿಸಬಹುದಾದವನಿಗೆ 2 ಕೊಡಬಹುದು. ಅಭ್ಯರ್ಥಿಗೂ ಒಂದು ಕಡಿವಾಣ ಬೀಳುತ್ತದೆ. ಎದುರಾಳಿಯ ಜನರನ್ನು ಬಾಯಿಗೆ ಬಂದಂತೆ ಬೈದರೆ ಅವರ 2 ಸಿಗೋದಿಲ್ಲ.

ಆದರೆ ಇದು ವೋಟಿಗೆ ತಕ್ಕ ಸೀಟು ಕೊಡುತ್ತದೆ ಅಂತ ಭ್ರಮೆ ಬೇಡ. 2025ರಲ್ಲಿ ಆಸ್ಟ್ರೇಲಿಯಾದ ಲೇಬರ್ ಪಕ್ಷಕ್ಕೆ ಮೊದಲ ಪ್ರಾಶಸ್ತ್ಯದ ವೋಟು ಶೇ 34.6. ಸೀಟು 150ರಲ್ಲಿ 94. ಬ್ರಿಟನ್ ಲೆಕ್ಕಕ್ಕೂ ಇದಕ್ಕೂ ನೋಡೋಕೆ ಜಾಸ್ತಿ ದೂರ ಇಲ್ಲ. ಒಂದೇ ವ್ಯತ್ಯಾಸ: ಇಲ್ಲಿ ಗೆದ್ದ ಪ್ರತಿಯೊಬ್ಬರೂ ತಮ್ಮ ಕ್ಷೇತ್ರದಲ್ಲಿ ಹಂಚಿಕೆಯೆಲ್ಲ ಮುಗಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಜನರ ಒಪ್ಪಿಗೆ ಪಡೆದವರು. ಅಂದ ಹಾಗೆ, ಬ್ರಿಟನ್ನಿನ ಜನರ ಮುಂದೆ 2011ರಲ್ಲಿ ಇದನ್ನೇ ಇಟ್ಟರು. ಶೇ 67.9 ಜನ ಬೇಡ ಅಂದರು.

ಎರಡು ವೋಟು: ನ್ಯೂಜಿಲೆಂಡ್ ಮಾಡಿದ ಪ್ರಯೋಗ

ಈ ಹೋಲಿಕೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ದೇಶ ನ್ಯೂಜಿಲೆಂಡ್. ಯಾಕಂದರೆ ಅವರು ಅಂಗಡಿಗೆ ಹೋಗಿ, ಎಲ್ಲ ತೆಗೆಸಿ ನೋಡಿ, ಬೆಲೆ ಕೇಳಿ ಆರಿಸಿದರು. ಉಳಿದವರಿಗೆಲ್ಲ ತಾತನ ಕಾಲದಿಂದ ಬಂದದ್ದು.

ಅವರದೂ ಮೊದಲು ನಮ್ಮ ಪದ್ಧತಿಯೇ ಇತ್ತು. ಮೇಲ್ಮನೆಯನ್ನು 1951ಕ್ಕೇ ಮುಚ್ಚಿದ್ದರು. ಹಾಗಾಗಿ ಕೆಳಮನೆಯಲ್ಲಿ ಬಹುಮತ ಸಿಕ್ಕಿದವರಿಗೆ ಲಗಾಮೇ ಇರಲಿಲ್ಲ. 1978ರಲ್ಲಿ ಲೇಬರ್ ಪಕ್ಷಕ್ಕೆ ಜಾಸ್ತಿ ವೋಟು ಬಿತ್ತು, ಸರ್ಕಾರ ಮಾಡಿದ್ದು ನ್ಯಾಷನಲ್ ಪಕ್ಷ. 1981ರಲ್ಲಿ ಮತ್ತೆ ಅದೇ ಕತೆ. ಆ ವರ್ಷ ಸೋಷಿಯಲ್ ಕ್ರೆಡಿಟ್ ಅನ್ನುವ ಮೂರನೇ ಪಕ್ಷಕ್ಕೆ ಶೇ 20.7 ವೋಟು ಬಂದಿತ್ತು. ಅಂದರೆ ಐವರಲ್ಲಿ ಒಬ್ಬರ ವೋಟು. 92 ಸೀಟಿನಲ್ಲಿ ಅವರಿಗೆ ಸಿಕ್ಕಿದ್ದು ಎರಡು.

1986ರಲ್ಲಿ ಒಂದು ಆಯೋಗ ಜರ್ಮನಿಯ ಮಾದರಿ ತನ್ನಿ ಅಂದಿತು. ಎರಡೂ ದೊಡ್ಡ ಪಕ್ಷಗಳಿಗೆ ಮನಸ್ಸಿರಲಿಲ್ಲ. ಕೈಗೆ ಬಂದ ತುತ್ತನ್ನು ಯಾರು ಬಿಡ್ತಾರೆ ಹೇಳಿ? ಆದರೆ 1987ರ ಚುನಾವಣೆ ಹೊತ್ತಿನಲ್ಲಿ ಪ್ರಧಾನಿ ಡೇವಿಡ್ ಲಾಂಗೆ ಟಿವಿ ಚರ್ಚೆಯಲ್ಲಿ ಜನಮತಗಣನೆ ಮಾಡ್ತೀವಿ ಅಂದುಬಿಟ್ಟರು. ಅವರ ಪಕ್ಷದವರಿಗೇ ಅದು ಹೊಸ ಸುದ್ದಿ. ಆಮೇಲೆ ಎರಡೂ ಪಕ್ಷಗಳು ಒಂದಾದ ಮೇಲೊಂದು ಅಧಿಕಾರಕ್ಕೆ ಬಂದು, ಹೇಳಿದ್ದಕ್ಕೆ ತದ್ವಿರುದ್ಧ ನಡೆದುಕೊಂಡವು. ಜನರಿಗೆ ರೋಸಿಹೋಯಿತು. 1992ರಲ್ಲಿ ಕೇಳಿದಾಗ ಶೇ 84.7 ಜನ ಬದಲಾವಣೆ ಬೇಕು ಅಂದರು. 1993ರಲ್ಲಿ ಕೊನೆಯ ತೀರ್ಮಾನಕ್ಕೆ ಬಂದಾಗ ಶೇ 53.9. ನೋಡಿ, ಬೈಯುವಾಗ ಇದ್ದ ಉತ್ಸಾಹ ಸಹಿ ಹಾಕುವಾಗ ಇರಲಿಲ್ಲ.

1996ರಿಂದ ಅಲ್ಲಿ ಒಬ್ಬೊಬ್ಬರಿಗೆ ಎರಡು ವೋಟು. ಒಂದು ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ. ಇನ್ನೊಂದು ಪಕ್ಷಕ್ಕೆ. ಮನೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೀಟು ಅಂತ ನಿರ್ಧರಿಸುವುದು ಪಕ್ಷದ ವೋಟು. ಕ್ಷೇತ್ರದಲ್ಲಿ ಗೆದ್ದವರು ಹೋಗಿ, ಕಮ್ಮಿ ಬಿದ್ದಷ್ಟನ್ನು ಪಕ್ಷದ ಪಟ್ಟಿಯಿಂದ ತುಂಬುತ್ತಾರೆ. ಸೀಟು ಸಿಗಬೇಕಾದರೆ ಪಕ್ಷಕ್ಕೆ ಶೇ 5 ವೋಟು ಬೀಳಬೇಕು, ಇಲ್ಲವೇ ಒಂದು ಕ್ಷೇತ್ರವಾದರೂ ಗೆಲ್ಲಬೇಕು.

ಈ "ಇಲ್ಲವೇ" ಮಾಡಿದ ಅವಾಂತರ ಕೇಳಿ. 2008ರಲ್ಲಿ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ಶೇ 4.07 ವೋಟು, ಸೀಟು ಸೊನ್ನೆ. ಆಕ್ಟ್ ಪಕ್ಷಕ್ಕೆ ಅದಕ್ಕಿಂತ ಕಮ್ಮಿ, ಶೇ 3.65. ಆದರೆ ಆಕ್ಲೆಂಡಿನ ಎಪ್ಸಮ್ ಅನ್ನುವ ಒಂದೇ ಒಂದು ಕ್ಷೇತ್ರ ಗೆದ್ದಿತ್ತು. ಅದಕ್ಕೆ 5 ಸೀಟು ಬಂತು. ಎಷ್ಟೇ ನಾಜೂಕಾಗಿ ನಿಯಮ ಬರೆದರೂ ಅಂಚಿನಲ್ಲಿ ಹೀಗೊಂದು ತೂತು ಇದ್ದೇ ಇರುತ್ತದೆ.

ಚೌಕಾಸಿ ಇಲ್ಲಿ ಚುನಾವಣೆ ಆದ ಮೇಲೆ, ಮೇಜಿನ ಸುತ್ತ. ಮೊದಲ ಸಲ 1996ರಲ್ಲಿ ಸರ್ಕಾರ ರಚನೆಗೆ ಎರಡು ತಿಂಗಳು ಹಿಡಿಯಿತು. 17 ಸೀಟು ಇಟ್ಟುಕೊಂಡ ನ್ಯೂಜಿಲೆಂಡ್ ಫಸ್ಟ್ ಪಕ್ಷದ ನಾಯಕ ವಿನ್‌ಸ್ಟನ್ ಪೀಟರ್ಸ್ ಎರಡೂ ಕಡೆಯವರನ್ನು ಕಾಯಿಸಿದರು. 2017ರಲ್ಲಿ ಅದೇ ಪೀಟರ್ಸ್, 9 ಸೀಟು. ನ್ಯಾಷನಲ್ ಪಕ್ಷಕ್ಕೆ 56 ಸೀಟು ಬಂದು ಮೊದಲ ಸ್ಥಾನದಲ್ಲಿತ್ತು. ಪೀಟರ್ಸ್ 46 ಸೀಟಿನ ಲೇಬರ್ ಜೊತೆ ಹೋದರು, ಗ್ರೀನ್ ಪಕ್ಷದ 8 ಸೇರಿತು. ಜಸಿಂಡಾ ಆರ್ಡರ್ನ್ ಪ್ರಧಾನಿ ಆದರು. ನಮ್ಮ 2018ರ ಚಿತ್ರ ಕಣ್ಣ ಮುಂದೆ ಬರ್ತಿಲ್ವಾ? ಆದರೆ ಅಲ್ಲಿ ಯಾರೂ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಕಳಿಸಲಿಲ್ಲ. ಮೈತ್ರಿಯ ಒಪ್ಪಂದವನ್ನು ಬರೆದು, ಸಹಿ ಹಾಕಿ, ಜನರ ಮುಂದಿಟ್ಟರು.

ಜನಕ್ಕೆ ಬೇಸರ ಆಯಿತಾ? 2011ರಲ್ಲಿ ಮತ್ತೆ ಕೇಳಿದರು. ಶೇ 57.8 ಜನ ಇದೇ ಇರಲಿ ಅಂದರು.

ಬರೀ ಪಟ್ಟಿ, ಮತ್ತು ಐರ್ಲೆಂಡಿನ ದಾರಿ

ನೆದರ್ಲೆಂಡ್ಸ್‌ನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ ಇದ್ದ ಹಾಗೆ. 150 ಸೀಟು, ಪಕ್ಷದ ಪಟ್ಟಿಗೆ ಶೇ 0.67 ವೋಟು ಬಂದರೆ ಒಂದು ಸೀಟು. 2021ರಲ್ಲಿ 17 ಪಕ್ಷಗಳು ಒಳಗೆ ಬಂದವು. ಮತಪತ್ರ ಬಿಡಿಸಿದರೆ ಟವೆಲ್ಲಿನಷ್ಟು ದೊಡ್ಡದು. ಸರ್ಕಾರ ಆಗೋಕೆ 299 ದಿನ ಬೇಕಾಯಿತು. ಪಕ್ಕದ ಬೆಲ್ಜಿಯಂ 2010-11ರಲ್ಲಿ 541 ದಿನ ತಗೊಂಡಿತ್ತು. ಇಸ್ರೇಲಿನಲ್ಲಿ ಪಕ್ಷಕ್ಕೆ ಸೀಟು ಸಿಗಬೇಕಾದರೆ ಕನಿಷ್ಠ ಶೇ 3.25 ವೋಟು ಬೇಕು. ಆದರೂ 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ ಒಳಗೆ ಐದು ಚುನಾವಣೆ. ನ್ಯಾಯವಾದ ಲೆಕ್ಕ ಬೇಕು ಅನ್ನುವವರಿಗೆ ಇದಕ್ಕಿಂತ ನ್ಯಾಯವಾದದ್ದು ಇಲ್ಲ. ನಮ್ಮಂಥ ಕಡೆ ನಾನಂತೂ ಇದನ್ನು ಹತ್ತಿರ ಸೇರಿಸೋದಿಲ್ಲ. ಜಾತಿಗೊಂದು ಪಕ್ಷ, ಉಪಜಾತಿಗೊಂದು ಪಕ್ಷ ಹುಟ್ಟೋಕೆ ವಾರ ಸಾಕು.

ಐರ್ಲೆಂಡಿನದು ನಮ್ಮ ಪದವೀಧರ ಕ್ಷೇತ್ರದ ಅಣ್ಣ. ಒಂದೊಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು, ಅಂಕಿ ಬರೆದು ವೋಟು. ನಮ್ಮ ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ಹಾಕುವುದೂ ಇದೇ ಬಗೆಯ ವೋಟು. ಒಂದೇ ಪಕ್ಷದ ಇಬ್ಬರು ಒಬ್ಬರ ವಿರುದ್ಧ ಒಬ್ಬರು ನಿಲ್ಲುತ್ತಾರೆ. ಹಾಗಾಗಿ ಯಾರು ಒಳ್ಳೆಯವರು ಅಂತ ಆರಿಸೋದು ಪಕ್ಷದ ಮೇಲಿನವರಲ್ಲ, ನೀವು. ಅಲ್ಲಿನ ಸರ್ಕಾರಗಳು 1959ರಲ್ಲಿ ಒಮ್ಮೆ, 1968ರಲ್ಲಿ ಇನ್ನೊಮ್ಮೆ ಇದನ್ನು ತೆಗೆಯಲು ಹೊರಟವು. ಜನ ಎರಡು ಸಲವೂ ಬಿಡಲಿಲ್ಲ. ಎಣಿಕೆಗೆ ದಿನಗಟ್ಟಲೆ ಬೇಕು. ಯಂತ್ರ ತರೋಣ ಅಂತ 5 ಕೋಟಿ ಯೂರೋಗೂ ಜಾಸ್ತಿ ಸುರಿದು, ಕೊನೆಗೆ ಆ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದರು. ಈಗಲೂ ಕೈಯಲ್ಲೇ ಎಣಿಸುತ್ತಾರೆ.

ಬೀಳಿಸುವ ನಿಯಮ

ಇಷ್ಟು ಹೊತ್ತು ವೋಟಿನ ಮಾತಾಯಿತು. ಆದರೆ ನಮ್ಮ ಮಾವನ ಪ್ರಶ್ನೆಗೆ ಒಂದು ಲೆಕ್ಕ ಹಾಕಿ ನೋಡಿ. 2018ರಲ್ಲಿ ವೋಟಿಗೆ ತಕ್ಕ ಹಾಗೆ 224 ಸೀಟು ಹಂಚಿದ್ದರೆ ಕಾಂಗ್ರೆಸ್ಸಿಗೆ 85, ಬಿಜೆಪಿಗೆ 81, ಜೆಡಿಎಸ್‌ಗೆ 41ರ ಆಸುಪಾಸು ಬರುತ್ತಿತ್ತು. ಬಹುಮತ ಯಾರಿಗೂ ಇಲ್ಲ. ಕೀಲಿಕೈ ಅದೇ ಮೂರನೆಯವರ ಕೈಯಲ್ಲಿ! 2023ರಲ್ಲಿ 135 ಸೀಟು ಗೆದ್ದ ಕಾಂಗ್ರೆಸ್ಸಿಗೂ ಶೇ 43 ವೋಟಿನ ಲೆಕ್ಕದಲ್ಲಿ ಸಿಗುತ್ತಿದ್ದದ್ದು 96. ಅವರೂ ಜೊತೆಗಾರರನ್ನು ಹುಡುಕಬೇಕಿತ್ತು. ಅಂದರೆ ಎಣಿಸುವ ಕ್ರಮ ಬದಲಿಸಿದ ಮಾತ್ರಕ್ಕೆ ಮೈತ್ರಿ ತಪ್ಪೋದಿಲ್ಲ. ಇನ್ನೂ ಜಾಸ್ತಿ ಆಗುತ್ತದೆ. ಹಾಗಾದರೆ ಮೈತ್ರಿ ಸರ್ಕಾರ ನಾಲ್ಕು ದಿನ ನಿಲ್ಲೋದು ಹೇಗೆ ಅನ್ನೋದೇ ಮುಖ್ಯ ಪ್ರಶ್ನೆ. ಜನ ಇದನ್ನು ಯಾಕೋ ಚರ್ಚೆ ಮಾಡೋದೇ ಇಲ್ಲ.

ಜರ್ಮನಿಯ ಸಂವಿಧಾನದ 67ನೇ ವಿಧಿ ಹೇಳುವುದು ಇಷ್ಟೇ: ಈಗಿರುವ ಚಾನ್ಸಲರನ್ನು (ನಮ್ಮ ಪ್ರಧಾನಿ ಇದ್ದ ಹಾಗೆ) ಇಳಿಸಬೇಕಾದರೆ ಅದೇ ವೋಟಿನಲ್ಲಿ ಮುಂದಿನವರನ್ನು ಆರಿಸಬೇಕು. ಸುಮ್ನೆ "ಇವನು ಬೇಡ" ಅನ್ನುವಂತಿಲ್ಲ. "ಇವನು ಬೇಡ, ಅವನು ಬೇಕು" ಅನ್ನಬೇಕು. ಅದೂ ಬಂದು ಕೂತವರ ಬಹುಮತ ಅಲ್ಲ, ಸದನದ ಒಟ್ಟು ಸದಸ್ಯರ ಬಹುಮತ. ಹಿಟ್ಲರನಿಗೆ ಮುಂಚೆ ಅಲ್ಲಿ ಎಡದ ತುದಿಯವರೂ ಬಲದ ತುದಿಯವರೂ ಸೇರಿ ಸರ್ಕಾರ ಬೀಳಿಸೋರು, ಕಟ್ಟೋಕೆ ಮಾತ್ರ ಒಂದಾಗ್ತಿರಲಿಲ್ಲ. ಆ ಪಾಠದಿಂದ ಬಂದ ನಿಯಮ ಇದು. ಕೇಂದ್ರದಲ್ಲಿ ಎರಡೇ ಸಲ ಪ್ರಯತ್ನ ನಡೆದಿದೆ. 1982ರಲ್ಲಿ ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದರು. 1972ರಲ್ಲಿ ವಿಲ್ಲಿ ಬ್ರಾಂಟ್ ಅವರನ್ನು ಇಳಿಸಲು 249 ವೋಟು ಬೇಕಿತ್ತು, ಬಿದ್ದದ್ದು 247. ಪೂರ್ವ ಜರ್ಮನಿಯ ಗುಪ್ತಚರರು ದುಡ್ಡು ಕೊಟ್ಟು ವೋಟು ಕೊಂಡಿದ್ದು ಆಮೇಲೆ ಬಯಲಾಯಿತು. ಸಂಸದರನ್ನು ಕೊಳ್ಳುವ ಕಲೆ ನಮ್ಮದೇ ಅಂತ ಬೀಗಬೇಕಿಲ್ಲ.

ಈಗ 2019ರ ಜುಲೈ 23ಕ್ಕೆ ಬನ್ನಿ. ವಿಧಾನಸೌಧದಲ್ಲಿ ವಿಶ್ವಾಸಮತ. ಕುಮಾರಸ್ವಾಮಿ ಪರ 99, ವಿರುದ್ಧ 105. ಇಪ್ಪತ್ತು ಮಂದಿ ಸದನಕ್ಕೇ ಬರಲಿಲ್ಲ. ಇಲ್ಲಿ ಗಮನಿಸಬೇಕಾದ್ದು, ಎದುರು ಪಕ್ಷಕ್ಕೆ ಒಂದು ವೋಟೂ ಹೊಸದಾಗಿ ಸೇರಿರಲಿಲ್ಲ. ಗೈರುಹಾಜರಿಯೇ ಸರ್ಕಾರ ಬೀಳಿಸಿತು. ಹಾಜರಿದ್ದವರ ಬಹುಮತ ಸಾಕು ಅನ್ನುವ ನಿಯಮ ಇದ್ದದ್ದರಿಂದ ಅದು ಸಾಧ್ಯವಾಯಿತು. ಜರ್ಮನಿಯ ನಿಯಮ ಇದ್ದಿದ್ದರೆ 105 ಸಾಕಾಗುತ್ತಿರಲಿಲ್ಲ. 113 ತೋರಿಸಬೇಕಿತ್ತು. ಆಮೇಲೆ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂದಿತು, ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತಲೂ ಅಂದಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ ಆಯಿತು. ಬಿಜೆಪಿ 12 ಗೆದ್ದಿತು.

ಜರ್ಮನಿಯಲ್ಲಿ ಈ ಕೊನೆಯ ಆಟಕ್ಕೂ ಜಾಗ ಇಲ್ಲ. ಅಲ್ಲಿ ಉಪಚುನಾವಣೆ ನಡೆಯೋದಿಲ್ಲ. ಸದಸ್ಯ ರಾಜೀನಾಮೆ ಕೊಟ್ಟರೆ ಅವನ ಪಕ್ಷದ ಪಟ್ಟಿಯಲ್ಲಿ ಮುಂದಿರುವವನು ಬಂದು ಕೂರುತ್ತಾನೆ. ರಾಜೀನಾಮೆ ಕೊಟ್ಟು ಪಕ್ಷದ ಬಲ ಇಳಿಸೋದು ಆಗದ ಮಾತು. ಆದರೆ ಪಕ್ಷ ಬಿಟ್ಟು ಆ ಕಡೆ ಹೋಗಿ ಕೂತರೆ ಸೀಟು ಹೋಗೋದಿಲ್ಲ. ನಮ್ಮ 1985ರ ಪಕ್ಷಾಂತರ ನಿಷೇಧದಂಥ ಕಾನೂನು ಅವರಿಗಿಲ್ಲ. ಸದಸ್ಯ ಪಕ್ಷದ ಆಳಲ್ಲ, ಅವನ ಮನಸ್ಸಾಕ್ಷಿಗೆ ಬಿಟ್ಟಿದ್ದು ಅನ್ನೋದು ಅವರ ವಾದ. ನಮ್ಮಲ್ಲಿ ವಿಪ್, ಅಂದರೆ ಹೀಗೇ ವೋಟು ಹಾಕಬೇಕು ಅನ್ನುವ ಪಕ್ಷದ ಆದೇಶ ಬಂದರೆ ಶಾಸಕ ಬಾಯಿ ಮುಚ್ಚಿ ಕೈ ಎತ್ತಬೇಕು. ಒಂದೊಂದು ಮಸೂದೆಗೂ ಅಷ್ಟೇ.

ಬೆಲೆ ಇಲ್ಲದ ಸರಕು ಯಾವುದಿದೆ? ಜರ್ಮನಿಯ ನಿಯಮ 2019ರಲ್ಲಿ ನಮ್ಮಲ್ಲಿ ಇದ್ದಿದ್ದರೆ, 99 ಜನರ ಸರ್ಕಾರ ಒಂದು ಮಸೂದೆಯನ್ನೂ ಪಾಸು ಮಾಡಲಾಗದೆ ಕುಂಟುತ್ತಾ ಇರುತ್ತಿತ್ತು. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು ಇದನ್ನೇ. ಸ್ಥಿರತೆ ಮತ್ತು ಹೊಣೆಗಾರಿಕೆ ಎರಡೂ ಸಮಸಮ ಸಿಗೋದಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಜಾಸ್ತಿ, ಬ್ರಿಟನ್ ಪದ್ಧತಿಯಲ್ಲಿ ಹೊಣೆಗಾರಿಕೆ ಜಾಸ್ತಿ. ಸರ್ಕಾರವನ್ನು ದಿನದಿನವೂ ಸದನದಲ್ಲಿ ತೂಗಿ ನೋಡಬಹುದು ಅನ್ನುವ ಕಾರಣಕ್ಕೇ ಕರಡು ಸಂವಿಧಾನ ಹೊಣೆಗಾರಿಕೆಯನ್ನು ಆರಿಸಿತು. ದಿನದಿನವೂ ತೂಗುವ ಆ ಕೆಲಸ ನಮ್ಮ ಸದನಗಳಲ್ಲಿ ಎಷ್ಟು ನಡೀತಿದೆ ಅನ್ನೋದು ನಿಮಗೇ ಗೊತ್ತು.

ಹಾಗಾದರೆ ಯಾವುದು?

ನಿಮಗೆ ಯಾವುದು ಜಾಸ್ತಿ ಚುಚ್ಚುತ್ತದೆ ಅನ್ನೋದರ ಮೇಲಿದೆ. ಕೋಟಿಗಟ್ಟಲೆ ವೋಟು ಬಿದ್ದರೂ ಸೀಟು ಸೊನ್ನೆ ಅನ್ನೋದು ನಿದ್ದೆಗೆಡಿಸಿದರೆ ನ್ಯೂಜಿಲೆಂಡಿನ ಎರಡು ವೋಟು ನೋಡಿ. ಶೇ 30ರ ಆಸುಪಾಸು ವೋಟು ತಗೊಂಡು, ಉಳಿದ ಶೇ 70 ಜನಕ್ಕೆ ಕಂಡರಾಗದ ವ್ಯಕ್ತಿ ಗೆಲ್ಲೋದು ನಿಮ್ಮ ತಕರಾರಾದರೆ ಆಸ್ಟ್ರೇಲಿಯಾದ 1, 2, 3. ಎದ್ದು ಬಿದ್ದು ಓಡುವ ಸರ್ಕಾರಗಳು ಸಾಕಾಗಿದ್ದರೆ ಜರ್ಮನಿಯ 67ನೇ ವಿಧಿ. ನಮ್ಮೂರಿಗೆ ಒಬ್ಬ ಶಾಸಕ ಇದ್ದರೆ ಸಾಕು, ಉಳಿದದ್ದು ಏನಾದರೂ ಆಗಲಿ ಅನ್ನುವವರಿಗೆ ಈಗಿರೋದೇ ಸಾಕು.

ನನ್ನ ಆಯ್ಕೆ ಕೇಳಿದರೆ, ಕರ್ನಾಟಕದ ವಿಧಾನಸಭೆಗೆ ಪ್ರಾಶಸ್ತ್ಯದ ವೋಟು, ಜೊತೆಗೆ ಜರ್ಮನಿಯ ಬೀಳಿಸುವ ನಿಯಮ. ನ್ಯೂಜಿಲೆಂಡ್ ಇಷ್ಟ ಅಂತ ಹೇಳಿ ಅದನ್ನು ಯಾಕೆ ಬಿಟ್ಟೆ ಅಂತೀರಾ? ಆ ಪಟ್ಟಿಯ ಕಾರಣಕ್ಕೆ. ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಅನ್ನೋದನ್ನು ಬರೆಯೋರು ಯಾರು? ನಮ್ಮಲ್ಲಿ ಬಿ ಫಾರಂ ನಾಮಪತ್ರದ ಕೊನೇ ದಿನದ ತನಕ ಯಾರ ಕೈಗೆ ಅಂತ ಗೊತ್ತಾಗೋದಿಲ್ಲ. ದೆಹಲಿಯ ವಿಮಾನ ಹತ್ತಿದವರಿಗೇ ಟಿಕೆಟ್ಟು. ಇಂಥ ಪಕ್ಷಗಳ ಕೈಗೆ ಪಟ್ಟಿಯನ್ನೂ ಕೊಟ್ಟರೆ ಚೌಕಾಸಿ ಪೂರ್ತಿ ಹೈಕಮಾಂಡ್ ಮನೆಯೊಳಗೆ ಹೋಗಿಬಿಡುತ್ತದೆ. ನನಗೆ ಅದು ಮತಪತ್ರದ ಮೇಲೆ ಬೇಕು.

ತೊಡಕು ಇಲ್ಲ ಅಂತಲ್ಲ. ಈಗಿನ ಮತಯಂತ್ರದಲ್ಲಿ ಗುಂಡಿ ಒತ್ತಬಹುದು, ಅಂಕಿ ಬರೆಯೋಕಾಗಲ್ಲ. ಅಕ್ಷರ ಬಾರದವರು ಹೇಗೆ ಬರೀತಾರೆ ಅಂತ ಕೇಳುವವರಿಗೆ, ಪದವಿ ಪಡೆದವರೇ ತಪ್ಪು ಮಾಡ್ತಾರಲ್ಲ ಅಂತ ನಾನೇ ಮೊದಲು ಒಪ್ಪಿಕೊಳ್ತೀನಿ. ಸಂತೆಯಲ್ಲಿ ತೂಕ, ಬೆಲೆ, ಚಿಲ್ಲರೆ ಎಲ್ಲ ಕರಾರುವಾಕ್ಕಾಗಿ ಎಣಿಸುವ ನಮ್ಮ ಅಜ್ಜಿಗೆ ಒಂದು, ಎರಡು, ಮೂರು ಕಷ್ಟವಾಗುತ್ತದೆ ಅಂತ ಮಾತ್ರ ನಾನು ನಂಬೋದಿಲ್ಲ.

ಸದ್ಯಕ್ಕೆ ಇದನ್ನು ಕೈಯಾರೆ ಮಾಡಿ ನೋಡುವ ಒಂದು ಜಾಗ, ಪದವೀಧರ ಕ್ಷೇತ್ರ. ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಅಲ್ಲಿನ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡ್ತಾರೆ. ಕಳೆದ ಸಲ ಹೆಸರು ಇತ್ತಲ್ಲ ಅಂತ ಸುಮ್ನೆ ಕೂತರೆ ಹೋಯಿತು, ನಮೂನೆ 18 ಮತ್ತೆ ತುಂಬಬೇಕು. ಮತಪತ್ರ ಕೈಗೆ ಬಂದಾಗ ಬರೀ 1 ಬರೆದು ಮಡಚಿ ಹಾಕಿ ಬರಬೇಡಿ. 2 ಯಾರಿಗೆ ಕೊಡ್ತೀರಿ ಅಂತ ಒಂದು ನಿಮಿಷ ನಿಂತು ಯೋಚಿಸಿ, ಅದೇ ನೇರಳೆ ಪೆನ್ನಿನಲ್ಲಿ ಬರೆಯಿರಿ.